‘ಇದು ಯಾರ ಕೆಲಸ, ಟೀಚರ್?’

ನಾನು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸರ್ಕಾರದ ಜವಾಬ್ದಾರಿ ಅನ್ನುವ ಪಾಠವನ್ನು ಸುಮ್ನೆ ಓದಿಸಿದರೆ ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಷ್ಟೇ. ಅದಕ್ಕೆ ಹೋದ ವರ್ಷ ಒಂಬತ್ತನೇ ತರಗತಿಯಲ್ಲಿ ಬೇರೆ ದಾರಿ ಹಿಡಿದೆ.

ಬೋರ್ಡಿನ ಮೇಲೆ ಮೂರು ಕಾಲಂ ಎಳೆದೆ. ಪಂಚಾಯಿತಿ, ರಾಜ್ಯ, ಕೇಂದ್ರ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಂಡ ಒಂದು ತೊಂದರೆಯನ್ನು ಚೀಟಿಯಲ್ಲಿ ಬರೆಯಬೇಕು. ಅದು ಯಾರ ಕೆಲಸವೋ ಆ ಕಾಲಂನಲ್ಲಿ ಅಂಟಿಸಬೇಕು. ಬೀದಿ ದೀಪ ಕೆಟ್ಟಿದೆ ಅಂದರೆ ಪಂಚಾಯಿತಿ. ಆನೆ ತೋಟಕ್ಕೆ ನುಗ್ಗಿತು ಅಂದರೆ ಅರಣ್ಯ ಇಲಾಖೆ, ಅಂದರೆ ರಾಜ್ಯ. ಅಂಚೆ ತಡವಾದರೆ ಕೇಂದ್ರ. ಮಕ್ಕಳು ಜಗಳವಾಡುತ್ತಾ ಅಂಟಿಸಿದರು. ನನಗೂ ಖುಷಿಯಾಯಿತು.

ಕೊನೆಗೆ ಒಬ್ಬ ಹುಡುಗಿ ಚೀಟಿ ಹಿಡಿದು ನಿಂತೇ ಇದ್ದಳು. ಅವಳ ಅಪ್ಪ ಅಮ್ಮ ಕಾಫಿ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ, ಇದ್ದಾರೆ. ‘ನಮ್ಮ ಲೈನಿಗೆ ನಲ್ಲಿ ಇಲ್ಲ. ಇದು ಯಾರ ಕೆಲಸ, ಟೀಚರ್?’

ಕುಡಿಯುವ ನೀರು ಪಂಚಾಯಿತಿ ಕೆಲಸ ಅಂದರು ಕೆಲವರು. ಜಾಗ ತೋಟದವರದ್ದು, ಪಂಚಾಯಿತಿ ಅಲ್ಲಿಗೆ ಹೇಗೆ ಬರುತ್ತದೆ ಅಂದರು ಇನ್ನು ಕೆಲವರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಅಂದೆ.

ರಾತ್ರಿ ಕೂತು ಓದಿದೆ. ಆಗ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ 5 ಹೆಕ್ಟೇರ್‌ಗೆ ಕಡಿಮೆಯಿಲ್ಲದ, 15 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ತೋಟಗಳಿಗೆ ಅನ್ವಯಿಸುತ್ತಿತ್ತು. ಕೆಲಸಗಾರರಿಗೆ ಮನೆ, ಕುಡಿಯುವ ನೀರು ಕೊಡುವುದು ಮಾಲೀಕರ ಹೊಣೆ. ಕೊಟ್ಟಿದ್ದಾರಾ ಅಂತ ನೋಡಲು ಇನ್ಸ್‌ಪೆಕ್ಟರ್‌ಗಳನ್ನು ನೇಮಿಸುವುದು ರಾಜ್ಯ ಸರ್ಕಾರ. ಮರುದಿನ ಬೋರ್ಡಿನಲ್ಲಿ ನಾಲ್ಕನೇ ಕಾಲಂ ಎಳೆದು ‘ಸರ್ಕಾರ ಬೇರೆಯವರಿಂದ ಮಾಡಿಸಬೇಕಾದ ಕೆಲಸ’ ಅಂತ ಬರೆದೆ. ಸರ್ಕಾರ ಅಂದರೆ ರಸ್ತೆ ಹಾಕುವುದು, ಅಕ್ಕಿ ಕೊಡುವುದು ಮಾತ್ರ ಅಂತ ನಾನೂ ಇಷ್ಟು ವರ್ಷ ಕಲಿಸಿದ್ದೆ. ಈ ಅರ್ಧ ಭಾಗ ಬಿಟ್ಟೇ ಹೋಗಿತ್ತು.

‘ಹಾಗಾದರೆ ಅರ್ಜಿ ಬರೆಯೋಣ’ ಅಂತ ಮಕ್ಕಳು ಹೊರಟರು. ಆ ಹುಡುಗಿ ಬೇಡ ಅಂದಳು. ‘ನನ್ನ ಹೆಸರು ನೋಡಿದರೆ ಅಪ್ಪನಿಗೆ ಕೆಲಸ ಹೋಗುತ್ತೆ.’

ತರಗತಿ ಸುಮ್ಮನಾಯಿತು. ಆಗ ನನಗೆ ಜೂನ್ ತಿಂಗಳು ನೆನಪಾಯಿತು. ತರಗತಿಯ ನಾಯಕನನ್ನು ಕೈ ಎತ್ತಿಸಿ ಆರಿಸಿದ್ದೆವು. ಲೈನ್‌ಮನೆಯ ಮಕ್ಕಳು ಕೈ ಎತ್ತುವ ಮೊದಲು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಮಗನ ಮುಖ ನೋಡಿದ್ದರು. ಪಾಠ ನಿಲ್ಲಿಸಿ, ಚೀಟಿ ಕೊಟ್ಟು, ಡಬ್ಬಿ ಇಟ್ಟು ಮತ್ತೆ ಚುನಾವಣೆ ಮಾಡಿಸಿದೆ. ಬೇರೆ ಹುಡುಗಿ ಗೆದ್ದಳು. ಮತ ಯಾಕೆ ಗುಟ್ಟಾಗಿರಬೇಕು ಅಂತ ಆಮೇಲೆ ನಾನು ವಿವರಿಸಬೇಕಾಗಲಿಲ್ಲ.

ನೀರಿನ ವಿಷಯಕ್ಕೂ ಅದೇ ಉಪಾಯ ಹೊಳೆಯಿತು. ಒಬ್ಬಳು ಕೇಳುವುದು ಬೇಡ, ಇಡೀ ತರಗತಿ ಕೇಳಲಿ. ಒಂದು ತೋಟದ ಹೆಸರು ಬೇಡ, ಪಂಚಾಯಿತಿಯ ಎಲ್ಲ ಲೈನ್‌ಮನೆಗಳ ಬಗ್ಗೆ ಕೇಳಲಿ. ಮಕ್ಕಳು ತಮ್ಮ ತೊಂದರೆಗಳನ್ನು ಪಂಚಾಯಿತಿ ಮುಂದೆ ಹೇಳುವ ಮಕ್ಕಳ ಗ್ರಾಮ ಸಭೆ ನಮ್ಮಲ್ಲಿ ನವೆಂಬರ್‌ನಲ್ಲಿತ್ತು. ಅಷ್ಟರೊಳಗೆ ತಯಾರಿ ಮಾಡಿದೆವು.

ಅದೇ ಸಮಯಕ್ಕೆ ರಾಜ್ಯೋತ್ಸವವೂ ಬಂತು. ಕೊಡಗಿಗೆ ಒಂದು ಕಾಲದಲ್ಲಿ ಬೇರೆ ವಿಧಾನಸಭೆ ಇತ್ತು ಅಂದರೆ ಮಕ್ಕಳು ನಂಬಲಿಲ್ಲ. 1952ರ ಚುನಾವಣೆಯಲ್ಲಿ 24 ಶಾಸಕರು ಗೆದ್ದಿದ್ದರು, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ ಆಗಿದ್ದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಈಗ ಇಲ್ಲಿರುವುದು ಮಡಿಕೇರಿ, ವಿರಾಜಪೇಟೆ ಎರಡೇ ಕ್ಷೇತ್ರ. ‘ಹಾಗಾದರೆ ನಮಗೆ ಹತ್ತಿರದ ಸರ್ಕಾರ ಪಂಚಾಯಿತಿನೇ ಅಲ್ವಾ?’ ಅಂದ ಒಬ್ಬ ಹುಡುಗ. ಹೌದು, ಅದಕ್ಕೇ ಅಲ್ಲಿಗೆ ಹೋಗುತ್ತಿದ್ದೇವೆ ಅಂದೆ.

ಸಭೆಯಲ್ಲಿ ಮಕ್ಕಳು ಎರಡೇ ವಿಷಯ ಕೇಳಿದರು. ಲೈನ್‌ಮನೆಗಳ ನೀರು ಪರೀಕ್ಷೆ ಮಾಡಿಸಿ. ನಲ್ಲಿ ಇಲ್ಲದ ಲೈನ್‌ಗಳ ಪಟ್ಟಿ ಮಾಡಿ ಕಾರ್ಮಿಕ ಇಲಾಖೆಗೆ ಕಳಿಸಿ. ‘ನೋಡೋಣ’ ಅಂತ ಉತ್ತರ ಬಂದಾಗ ನಾಯಕಿ ಎದ್ದು, ‘ಅದನ್ನು ನಡಾವಳಿಯಲ್ಲಿ ಬರೆಯಿರಿ, ಪ್ರತಿ ಕೊಡಿ’ ಅಂದಳು. ಬರೆದರು. ನನ್ನ ಕಣ್ಣು ತುಂಬಿ ಬಂತು.

ಜನವರಿಯಲ್ಲಿ, ಕಾಫಿ ಹಣ್ಣಿನ ಕೊಯ್ಲಿನ ನಡುವೆ, ಮೂರು ಲೈನ್‌ಗಳ ನೀರು ಪರೀಕ್ಷೆ ಆಯಿತು. ಒಂದು ಕಡೆ ನೀರು ಕುಡಿಯಲು ಯೋಗ್ಯವಿರಲಿಲ್ಲ. ಅಲ್ಲಿ ಟ್ಯಾಂಕ್ ತೊಳೆಸಿ ಮುಚ್ಚಳ ಹಾಕಿಸಿದರು. ಆ ಹುಡುಗಿಯ ಮನೆಗೆ ನಲ್ಲಿ ಇನ್ನೂ ಬಂದಿಲ್ಲ.

ಅವಳೀಗ ಹತ್ತನೇ ತರಗತಿ. ಈ ನವೆಂಬರ್‌ನ ಸಭೆಗೆ ಹೋಗುವ ಹೊಸ ಮಕ್ಕಳಿಗೆ ಮೊದಲ ಪ್ರಶ್ನೆ ಬರೆದುಕೊಟ್ಟವಳು ಅವಳೇ: ‘ಹೋದ ವರ್ಷ ಮಾಡುತ್ತೇವೆ ಅಂದ ಪಟ್ಟಿ ಎಲ್ಲಿ?’