ತೊರೆಯ ಹುಳುಗಳು ಬೆಟ್ಟ ಹತ್ತುತ್ತಿವೆಯೇ? ಹೀಗೆ ಗಮನಿಸಿ

ಹರಿಯುವ ತೊರೆಯಿಂದ ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿ. ಅಡಿಯಲ್ಲಿ ಚಪ್ಪಟೆ ಮರಿಹುಳುವೊಂದು ಕತ್ತಲು ಹುಡುಕಿಕೊಂಡು ಸರಸರ ಓಡಬಹುದು. ಅದು ಅಲ್ಲಿರುವುದಕ್ಕೆ ಮುಖ್ಯ ಕಾರಣ ನೀರಿನ ತಂಪು.

ತಣ್ಣಗಿನ ನೀರಿನಲ್ಲಿ ಆಮ್ಲಜನಕ ಜಾಸ್ತಿ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಿರಬಲ್ಲದು, 25 ಡಿಗ್ರಿಗೆ ಅದು 8ರ ಆಸುಪಾಸಿಗೆ ಇಳಿಯುತ್ತದೆ. ನೀರು ಬೆಚ್ಚಗಾದಷ್ಟೂ ಹುಳುವಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಹಾಗಾಗಿ ತಂಪು ಬೇಡುವ ಜಾತಿಗಳು ಮೇಲೆ ಮೇಲೆ ಹೋಗುತ್ತವೆ. ತೊರೆ ಹುಟ್ಟುವ ಜಾಗ ತಲುಪಿದ ಮೇಲೆ ಎಲ್ಲಿಗೆ ಹೋಗಬೇಕು? ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಹಿಮ ಕರಗಿದ ನೀರನ್ನೇ ನಂಬಿರುವ ಒಂದು ಸ್ಟೋನ್‌ಫ್ಲೈ (ಮರಿಯಾಗಿದ್ದಾಗ ತೊರೆಯ ಕಲ್ಲುಗಳ ನಡುವೆ ಬೆಳೆಯುವ ಕೀಟ) 2019ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಮೊದಲು ಒಂದೇ ತೊರೆಯಲ್ಲಿ ಕೆಳಗೆ, ನಡುವೆ, ಮೇಲೆ ಮೂರು ಜಾಗ ಆರಿಸಿ. ಮೂರೂ ಕಡೆ ನೆರಳು ಒಂದೇ ತರಹ ಇರಲಿ, ಏಕೆಂದರೆ ದಡದ ಮರಗಳೇ ನೀರನ್ನು ತಂಪಾಗಿಡುತ್ತವೆ. ಮಳೆ ಬಂದು ನೀರು ಏರಿದ ದಿನ ಇಳಿಯಲೇಬೇಡಿ.

ನೀರಿನ ಉಷ್ಣಾಂಶ ಬರೆದುಕೊಳ್ಳಿ. ಆಮೇಲೆ ಸಣ್ಣ ಕಣ್ಣಿನ ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಮೂರು ನಿಮಿಷ ಕದಡಿ. ಬಲೆಗೆ ಬಿದ್ದದ್ದನ್ನು ನೀರು ತುಂಬಿದ ಬಿಳಿ ತಟ್ಟೆಗೆ ಸುರಿದು ಸ್ವಲ್ಪ ಕಾಯಿರಿ. ಕಸ ಅಂದುಕೊಂಡದ್ದು ನಡೆಯತೊಡಗುತ್ತದೆ! ಮರಳಿನ ಕಣಗಳನ್ನು ರೇಷ್ಮೆಯಿಂದ ಅಂಟಿಸಿಕೊಂಡ ಕೊಳವೆ ಹೊತ್ತು ಹೊರಟದ್ದು ಕ್ಯಾಡಿಸ್‌ಫ್ಲೈ ಮರಿ.

ಸ್ಟೋನ್‌ಫ್ಲೈ ಮರಿಗೆ ಬಾಲದಲ್ಲಿ ಎರಡು ಎಳೆ, ಅದರಂತೆಯೇ ಕಾಣುವ ಇನ್ನೊಂದು ತೊರೆಯ ಕೀಟ ಮೇಫ್ಲೈನ ಮರಿಗೆ ಸಾಮಾನ್ಯವಾಗಿ ಮೂರು. ಆದರೆ ಕೆಲವು ಮೇಫ್ಲೈಗಳಿಗೂ ಎರಡೇ ಇರುತ್ತವೆ. ಅನುಮಾನ ಬಂದರೆ ಭೂತಗನ್ನಡಿಯಲ್ಲಿ ಪಾದ ನೋಡಿ: ಎರಡು ಉಗುರಿದ್ದರೆ ಸ್ಟೋನ್‌ಫ್ಲೈ, ಒಂದೇ ಇದ್ದರೆ ಮೇಫ್ಲೈ.

ಈಗ ಬರೆಯುವ ಕೆಲಸ. ಸಿಕ್ಕದ್ದನ್ನು ಎಲ್ಲರೂ ಬರೆಯುತ್ತಾರೆ. ಸಿಗದಿದ್ದರೆ 'ಇಲ್ಲ' ಅಂತಲೂ ಬರೆಯಿರಿ, ನನ್ನ ಪ್ರಕಾರ ಅದೇ ಹೆಚ್ಚು ಬೆಲೆಬಾಳುವ ಸಾಲು. ಕೆಳಗಿನ ಜಾಗದಲ್ಲಿ ಮೊದಲೆಲ್ಲ ಸಿಗುತ್ತಿದ್ದ ಜಾತಿ ವರ್ಷವರ್ಷವೂ 'ಇಲ್ಲ' ಆಗುತ್ತಾ, ಅಲ್ಲೇ ನೀರೂ ಬೆಚ್ಚಗಾಗುತ್ತಾ ಹೋದರೆ ಅದು ಗಟ್ಟಿ ಸುಳಿವು. ಒಂದು ವರ್ಷದ ಲೆಕ್ಕ ಸಾಲದು. ಕೊಳಕು ನೀರು ಸೇರಿದರೂ, ಬೇಸಿಗೆಯಲ್ಲಿ ತೊರೆ ಬತ್ತಿದರೂ ಹುಳುಗಳು ಕಾಣೆಯಾಗುತ್ತವೆ ಅಲ್ವಾ? ಅದಕ್ಕೇ ಪ್ರತಿವರ್ಷ ಅದೇ ತಿಂಗಳು, ಅದೇ ಹೊತ್ತು, ಅದೇ ಮೂರು ನಿಮಿಷ.

ಎಣಿಸಿದ ಕೂಡಲೇ ಹುಳುಗಳನ್ನು ಹಿಡಿದ ಜಾಗಕ್ಕೇ ಬಿಡಿ. ತಟ್ಟೆಯ ನೀರು ಬಿಸಿಲಿಗೆ ಬೇಗ ಕಾಯುತ್ತದೆ. ಎತ್ತಿದ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಮಲಗಿಸಿ.