ಶುಕ್ರವಾರ ಹೇಳಿದ್ದು ಸೋಮವಾರ ಎಲ್ಲಿ ಹೋಯ್ತು?

"ಸರ್, ಇದು ನೀವು ಹೇಳೇ ಇಲ್ರಿ."

ಒಂದು ಸೋಮವಾರ ಏಳನೇ ತರಗತಿಯ ಹುಡುಗನೊಬ್ಬ ಹೀಗಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಗಣಿತ, ವಿಜ್ಞಾನ ಕಲಿಸುತ್ತೇನೆ. ಶುಕ್ರವಾರ ಇಡೀ ಪೀರಿಯಡ್ ದ್ಯುತಿಸಂಶ್ಲೇಷಣೆ ಹೇಳಿದ್ದೆ. ಬೋರ್ಡ್ ತುಂಬಾ ಬರೆದಿದ್ದೆ. "ತಿಳೀತಾ?" ಅಂತ ಕೇಳಿದರೆ ಇಡೀ ಕ್ಲಾಸು "ತಿಳೀತ್ರಿ ಸರ್" ಅಂದಿತ್ತು. ಅವನ ನೋಟ್‌ಬುಕ್ ತೆಗೆಸಿದೆ. ಎಲ್ಲಾ ಇತ್ತು, ಕೆಂಪು ಪೆನ್ನಿನ ಗೆರೆ ಸಮೇತ. ತನ್ನದೇ ಅಕ್ಷರವನ್ನು ಅವನು ಬೇರೆ ಯಾರೋ ಬರೆದ ಹಾಗೆ ನೋಡಿದ. ಸುಳ್ಳು ಹೇಳುತ್ತಿರಲಿಲ್ಲ ಪಾಪ.

ಅವತ್ತು ರಾತ್ರಿ ಅದೇ ನೋಟ್ಸ್ ಮುಂದಿಟ್ಟುಕೊಂಡು ಹೊಸ ಪದ ಎಣಿಸಿದೆ. ಪತ್ರಹರಿತ್ತು, ಪತ್ರರಂಧ್ರ, ಪಿಷ್ಟ, ಸ್ವಪೋಷಕ, ಪರಪೋಷಕ... ಒಂದೇ ಪೀರಿಯಡ್‌ನಲ್ಲಿ ಒಂಬತ್ತು. ನಮ್ಮ ಅಲ್ಪಾವಧಿ ನೆನಪಿನಲ್ಲಿ, ಅಂದರೆ ಈಗಷ್ಟೇ ಕೇಳಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ನೆನಪಿನಲ್ಲಿ, ಒಮ್ಮೆಗೆ ಏಳು ಸಂಗತಿ, ಎರಡು ಹೆಚ್ಚು ಕಡಿಮೆ, ನಿಲ್ಲುತ್ತವೆ ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದರು. ಅದೂ ಜಾಸ್ತಿಯಾಯ್ತು, ನಾಲ್ಕರ ಆಸುಪಾಸು ಅಂತ 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಹೇಳಿದರು. ಮಿಲ್ಲರ್ ವಿಷಯವನ್ನು ನಾನು ಬಿ.ಎಡ್. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾಗಿದ್ದೆ. ಆಮೇಲೆ ಮರೆತಿದ್ದೆ!

ಸುಮ್ನೆ ಓದಿದ್ದು ಸಾಲದು, ಕಣ್ಣಾರೆ ನೋಡಬೇಕು ಅನಿಸಿತು. ಸೆಪ್ಟೆಂಬರ್ 17ರ ಧ್ವಜಾರೋಹಣ ಮುಗಿದ ವಾರ ಬೋರ್ಡ್ ಮೇಲೆ 194719481956 ಅಂತ ಬರೆದೆ. ಐದು ಎಣಿಸಿ ಒರೆಸಿದೆ. "ಬರೀರಿ" ಅಂದೆ. ಹೆಚ್ಚಿನವರು ಐದಾರು ಅಂಕಿಗೆ ನಿಂತರು. ಮತ್ತೆ ಅದನ್ನೇ ನಡುವೆ ಜಾಗ ಬಿಟ್ಟು ಬರೆದೆ: 1947, 1948, 1956. ದೇಶ ಸ್ವತಂತ್ರವಾಗಿದ್ದು, ನಮ್ಮ ಭಾಗ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾಗಿದ್ದು, ಕನ್ನಡ ನಾಡು ಒಂದಾಗಿದ್ದು. ಹಿಂದಿನ ಬೆಂಚಿನಿಂದ "ಅಯ್ಯ, ಇದಾ!" ಅಂತ ಕೂಗು ಬಂತು. ಈ ಸಲ ಒರೆಸಿದರೂ ಯಾರಿಗೂ ತೊಂದರೆ ಆಗಲಿಲ್ಲ. ಹನ್ನೆರಡು ಅಂಕಿ ಹೊರುವ ಕೆಲಸ ಮೂರು ಗಂಟಿಗೆ ಇಳಿದಿತ್ತು. ಗಂಟು ಕಟ್ಟಿಕೊಟ್ಟಿದ್ದು ಅವರ ತಲೆಯಲ್ಲಿ ಮೊದಲೇ ಇದ್ದ ದೀರ್ಘಾವಧಿ ನೆನಪು.

ಇದನ್ನು ನೋಡಿದ ಮೇಲೆ ಮಗ್ಗಿ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತು. ಬಾಯಿಪಾಠ ಕೆಟ್ಟದ್ದು ಅಂತ ತರಬೇತಿಗಳಲ್ಲಿ ಕೇಳಿ ಕೇಳಿ ನಾನು ಮಗ್ಗಿ ಹೇಳಿಸುವುದನ್ನೇ ಬಿಟ್ಟಿದ್ದೆ. ಆರನೇ ತರಗತಿಯ ಹುಡುಗನೊಬ್ಬ 1736ನ್ನು 7ರಿಂದ ಭಾಗಿಸುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಹದಿನೇಳರಲ್ಲಿ ಎರಡು ಸಲ, ಉಳಿದದ್ದು ಮೂರು. ಸರಿ. ಮೂವತ್ಮೂರರಲ್ಲಿ ಎಷ್ಟು ಸಲ? ಬೆರಳು ಎಣಿಸಿದ. ನಾಲ್ಕು ಅಂತ ಸಿಕ್ಕಿತು. ಅಷ್ಟರಲ್ಲಿ ಉಳಿದ ಐದು, ಕೆಳಗಿಳಿಸಬೇಕಾದ ಆರು, ಎರಡೂ ಅವನ ಕೈಬಿಟ್ಟಿದ್ದವು. ಭಾಗಾಕಾರ ಅವನಿಗೆ ಗೊತ್ತಿತ್ತು. "ಏಳ್ನಾಕ್ಲೆ ಇಪ್ಪತ್ತೆಂಟು" ನಾಲಿಗೆ ಮೇಲಿದ್ದಿದ್ದರೆ ತಲೆಯಲ್ಲಿ ಜಾಗ ಉಳಿಯುತ್ತಿತ್ತು. ಈಗ ಊಟದ ಬೆಲ್ಲಿಗೆ ಮುಂಚೆ ದಿನಾ ಐದು ನಿಮಿಷ ಮಗ್ಗಿ. ಯಾರು ಏನಾದರೂ ಅಂದುಕೊಳ್ಳಲಿ.

ದ್ಯುತಿಸಂಶ್ಲೇಷಣೆಯನ್ನು ಮತ್ತೆ ಮೊದಲಿಂದ ಮಾಡಿದೆ. ಒಂದು ಪೀರಿಯಡ್‌ಗೆ ಮೂರೇ ಹೊಸ ಪದ. ಶುರು ಮಾಡಿದ್ದು ಭತ್ತದ ಗದ್ದೆಯಿಂದ, ಅದು ಇವರ ಮನೆ ವಿಷಯ. "ಮರದ ನೆರಳು ಬೀಳೋ ಕಡೆ ಪೈರು ಯಾಕ ಸೊರಗ್ತದ?" ಅಂತ ಕೇಳಿದರೆ ಯಾವತ್ತೂ ಬಾಯಿ ಬಿಡದವರೂ ಮಾತಾಡಿದರು. ಅಯೋಡಿನ್ ಹಾಕಿದ ಎಲೆ ನೀಲಿಗಪ್ಪು ಆದ ಮೇಲೆಯೇ ಪಿಷ್ಟ ಅನ್ನುವ ಪದ ಬೋರ್ಡ್‌ಗೆ ಬಂತು.

ಆದರೆ ತಿಳಿದದ್ದು ಉಳಿಯಬೇಕಲ್ಲ. ಅರ್ಥವಿಲ್ಲದ ಅಕ್ಷರಜೋಡಣೆಗಳನ್ನು ತಾನೇ ಕಲಿತು, ಎಷ್ಟು ಬೇಗ ಮರೆಯುತ್ತೇನೆ ಅಂತ ಅಳೆದುಕೊಂಡವರು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್. ಅದನ್ನು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ದಿನವೇ ಜಾಸ್ತಿ, ಆಮೇಲೆ ನಿಧಾನ. ಹಾಗಾಗಿ ಪಾಠ ಹೇಳಿದ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಮೊದಲ ಐದು ನಿಮಿಷ ಖಾಲಿ ಹಾಳೆ. ನೋಟ್‌ಬುಕ್ ಮುಚ್ಚಿ ನೆನಪಿದ್ದದ್ದನ್ನು ಬರೆಯುವುದು. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ನೆನಪಿಸಿಕೊಂಡು ಬರೆದವರು ವಾರದ ನಂತರ ಮುಂದಿದ್ದರು ಅಂತ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ನಮ್ಮಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಓದಿದವರು ಯಾಕೆ ಪಾಸಾಗುತ್ತಾರೆ, ಯಾಕೆ ಮರೆಯುತ್ತಾರೆ, ಎರಡಕ್ಕೂ ಉತ್ತರ ಅಲ್ಲೇ ಇದೆ ಅಲ್ವಾ?

ಇದರಲ್ಲಿ ನಾನು ಮಾಡಿದ ತಪ್ಪೂ ಇದೆ. ಮೊದಲ ತಿಂಗಳು ಆ ಹಾಳೆಗೆ ಅಂಕ ಕೊಟ್ಟೆ. ಮಕ್ಕಳು ಪಕ್ಕದವರದ್ದು ಇಣುಕಿ ಬರೆದರು. ಅಂಕ ನಿಲ್ಲಿಸಿದೆ. ಇನ್ನೊಂದು, ಹಾಳೆಗಳನ್ನು ಮನೆಗೆ ಒಯ್ದು ನೋಡುತ್ತಿದ್ದೆ, ತಿದ್ದಿ ಕೊಡುವಷ್ಟರಲ್ಲಿ ಎರಡು ಮೂರು ದಿನ. "ಗಿಡ ರಾತ್ರಿ ಮಾತ್ರ ಉಸಿರಾಡುತ್ತದೆ" ಅಂತ ಬರೆದ ಹುಡುಗಿ ವಾರ ಬಿಟ್ಟು ಅದನ್ನೇ ಇನ್ನಷ್ಟು ಧೈರ್ಯವಾಗಿ ಬರೆದಳು. ತಪ್ಪೂ ನೆನಪಲ್ಲಿ ಕೂರುತ್ತದೆ. ಈಗ ಬರೆದ ತಕ್ಷಣ ನೋಟ್‌ಬುಕ್ ತೆರೆದು ಅವರೇ ತಿದ್ದಿಕೊಳ್ಳುತ್ತಾರೆ.

ಪಾಠ ಹಿಂದೆ ಬೀಳುತ್ತದೆ, ನಿಜ. ಕಳೆದ ವರ್ಷ ಕೊನೆಯ ಎರಡು ಪಾಠ ಓಡಿಸಿಯೇ ಮುಗಿಸಿದೆ.

ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಬೆಂಚುಗಳು ಖಾಲಿ ಖಾಲಿ. ಡಿಸೆಂಬರ್‌ನಲ್ಲಿ ಒಬ್ಬಳು ಇಪ್ಪತ್ತು ದಿನ ಬಿಟ್ಟು ಬಂದಳು, ಬೆರಳ ತುದಿಯೆಲ್ಲಾ ಗೀರು. ಭಿನ್ನರಾಶಿ ಭಾಗಾಕಾರದ ಹಾಳೆಯಲ್ಲಿ ಹೆಸರು ಬಿಟ್ಟರೆ ಏನೂ ಬರೆಯಲಿಲ್ಲ. "ಎಲ್ಲಾ ಮರ್ತೀನ್ರಿ ಸರ್" ಅಂದಳು, ಕಣ್ಣಲ್ಲಿ ನೀರು. "ಇರ್ಲಿ ಬಿಡವ್ವ, ನಿನ್ನ ಹಳೇ ನೋಟ್ಸ್ ತಗಿ" ಅಂದೆ. ಮೊದಲ ಸಲ ಎರಡು ಪೀರಿಯಡ್ ಹಿಡಿದಿದ್ದ ಲೆಕ್ಕ ಈಗ ಹತ್ತೇ ನಿಮಿಷಕ್ಕೆ ಬಂತು. ಪೂರ್ತಿ ಮರೆತಂತೆ ಕಂಡದ್ದೂ ಎರಡನೇ ಸಲ ಬೇಗ ಬರುತ್ತದೆ ಅಂತ ಎಬ್ಬಿಂಗ್‌ಹೌಸ್ ಕಂಡುಕೊಂಡಿದ್ದೂ ಇದನ್ನೇ. ಆ ಹೆಸರೆಲ್ಲ ಅವಳಿಗೆ ಹೇಳಲಿಲ್ಲ. ಇನ್ನೆರಡು ಲೆಕ್ಕ ಕೊಟ್ಟೆ, ಗುರುವಾರ ಮತ್ತೆ ಕೇಳುತ್ತೇನೆ ಅಂದೆ.