ಮೀನುಗಾರಿಕೆ ನಿಷೇಧದ ಎರಡು ತಿಂಗಳಿಗೆ ಕೆಲಸ ಹೊಂದಿಸಿದ್ದು ಹೀಗೆ
ಕಾರವಾರದ ಬೈತಖೋಲ ಬಂದರಿನ ಹತ್ತಿರ ನನ್ನದು ಬೋಟ್ ಇಂಜಿನ್ ರಿಪೇರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಅಷ್ಟೂ ದಿನ ಕೈ ಖಾಲಿ. ಕೊನೆಯ ವಾರ ಮಾತ್ರ ಎಲ್ಲರೂ ಒಟ್ಟಿಗೇ ಬಂದು ನಿಲ್ಲುತ್ತಿದ್ದರು.

ಮಜೂರಿ ಇಳಿಸಿದೆ, ಯಾರೂ ಬರಲಿಲ್ಲ. ಬೈಕ್ ರಿಪೇರಿಗೂ ಕೈ ಹಾಕಿದೆ. ಮಳೆಗಾಲದಲ್ಲಿ ಅದೂ ಅಷ್ಟಕ್ಕಷ್ಟೆ.

ಕೆಲಸಕ್ಕೆ ಬಂದದ್ದು ಒಂದೇ: ಮೇ ತಿಂಗಳಲ್ಲಿ, ಮಾಲೀಕರ ಕೈಯಲ್ಲಿ ಕಾಸಿರುವಾಗಲೇ ಕಾಲು ಭಾಗ ಮುಂಗಡ ತಗೊಂಡು, ಇಂಜಿನ್ ವಾಪಸು ಕೊಡುವ ತಾರೀಕು ಬರೆದುಕೊಡುವುದು. ವಾರಕ್ಕೆ ಮೂರೇ ಇಂಜಿನ್. ನೀವೂ ಇದೇ ಕೆಲಸದವರಾದರೆ, ಬೋಟು ದಡ ಸೇರಿದ ದಿನವೇ ಸಿಹಿನೀರು ಬಿಟ್ಟು ಇಂಜಿನ್ ತಂಪು ಮಾಡುವ ಕೂಲಿಂಗ್ ಲೈನ್ ತೊಳೆಯಿರಿ (ನಾಳೆ ಅಂದರೆ ಉಪ್ಪು ತನ್ನ ಕೆಲಸ ಶುರು ಮಾಡಿರುತ್ತದೆ). ಇಂಜಿನ್ ಬಿಸಿಯಿರುವಾಗಲೇ ಹಳೇ ಆಯಿಲ್ ಇಳಿಸಿ, ಆಮೇಲೆ ಬ್ಯಾಟರಿ ಬಿಚ್ಚಿಡಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ನೀರಿನ ಪಂಪ್ ಜೂನ್ ಮೊದಲ ವಾರವೇ ಬಿಚ್ಚಿ ನೋಡಿ. ಹುಬ್ಬಳ್ಳಿಯಿಂದ ಬರಬೇಕಾದ ಬಿಡಿಭಾಗ ಘಟ್ಟದಲ್ಲಿ ಮಳೆ ಜೋರಾಗುವ ಮೊದಲೇ ಕೈಸೇರಬೇಕು. ಜೋಡಿಸಿ ಅರ್ಧ ಗಂಟೆ ಓಡಿಸಿ, ಜುಲೈ 20ರೊಳಗೆ ಒಪ್ಪಿಸಿ.